ಹರಿಹರದಾಚೆಯ ಊಟ

ಬೆಂಗಳೂರಿನಿಂದ ಹುಬ್ಬಳ್ಳಿಯ ಕಡೆಗೆ ಹಗಲು ರೈಲಿನಲ್ಲಿ ಹೋದವರಿಗೆ ನಾಡಿನ ಊಟವೆಲ್ಲ ಕಿಟಕಿಯಲ್ಲೇ ಕಾಣುತ್ತದೆ. ತುಮಕೂರಿನ ಆಸುಪಾಸು ರಾಗಿ ಹೊಲ. ತಿಪಟೂರು, ಅರಸೀಕೆರೆಯ ಸುತ್ತ ತೆಂಗು. ಕಡೂರು, ಬೀರೂರು ಕಳೆದು ದಾವಣಗೆರೆ ಹತ್ತಿರವಾದಂತೆ ಮೆಕ್ಕೆಜೋಳ, ಭದ್ರಾ ನಾಲೆಯ ನೀರು ಹರಿಯುವ ಕಡೆ ಭತ್ತ. ಹರಿಹರದಲ್ಲಿ ತುಂಗಭದ್ರೆಯ ಸೇತುವೆ ದಾಟಿದ ಮೇಲೆ ಡಬ್ಬಿಯೊಳಗಿನ ಮಾತಿನ ಧಾಟಿ ಬದಲಾಗುತ್ತದೆ, ಬುತ್ತಿ ಗಂಟುಗಳಿಂದ ಹೊರಬರುವ ವಾಸನೆಯೂ ಬದಲಾಗುತ್ತದೆ. 1956ರ ನವೆಂಬರ್ 1ರವರೆಗೆ ಈ ಹೊಳೆಯ ಈಚೆ ಮೈಸೂರು ರಾಜ್ಯ, ಆಚೆ ಮುಂಬಯಿ ರಾಜ್ಯ. ಭೂಪಟದ ಗೆರೆ ಅಳಿಸಿ ಎಷ್ಟೋ ಕಾಲವಾಯಿತು. ಊಟದ ಗೆರೆ ಮಾತ್ರ ಇನ್ನೂ ಸ್ವಲ್ಪ ಮಸುಕಾಗಿದೆಯಷ್ಟೆ, ಅಳಿಸಿಲ್ಲ.

ಈ ಗೆರೆ ದಾಟಿ ಓದಲು ಹೋಗುವ ಮಕ್ಕಳು ಈಗ ಸಾವಿರಾರು. ಸಿಇಟಿ ಬಂದ ಮೇಲೆ ಮಂಡ್ಯದ ಹುಡುಗಿಗೆ ಧಾರವಾಡದಲ್ಲಿ, ವಿಜಯಪುರದ ಹುಡುಗನಿಗೆ ಮೈಸೂರಿನಲ್ಲಿ ಸೀಟು ಸಿಗುವುದು ಸಾಮಾನ್ಯ ಸಂಗತಿ. ಅಪ್ಪ ಅಮ್ಮ ಫೀಜು ವಿಚಾರಿಸುತ್ತಾರೆ, ಹಾಸ್ಟೆಲಿನ ಕಾಂಪೌಂಡು ಎಷ್ಟು ಎತ್ತರ ಎಂದು ನೋಡುತ್ತಾರೆ. ಮಗು ಅಲ್ಲಿ ಏನು ಉಣ್ಣುತ್ತದೆ ಎಂಬ ಪ್ರಶ್ನೆಗೆ ಮಾತ್ರ ‘ಹೊಂದಿಕೊಳ್ಳುತ್ತೆ ಬಿಡಿ’ ಎಂಬುದೇ ಉತ್ತರ. ಹೇಗೆ ಹೊಂದಿಕೊಳ್ಳುತ್ತದೆ ಎಂದು ಯಾರೂ ಹೇಳುವುದಿಲ್ಲ.

ನನ್ನ ಅಕ್ಕನ ಮಗಳಿಗೆ 2024ರಲ್ಲಿ ಧಾರವಾಡದ ಒಂದು ಕಾಲೇಜಿನಲ್ಲಿ ಸೀಟು ಸಿಕ್ಕಿತು. ಅವಳದು ಮಂಡ್ಯದ ಹತ್ತಿರದ ಊರು. ಬೆಳಿಗ್ಗೆ ಸೊಪ್ಪಿನ ಸಾರು, ರಾತ್ರಿ ಮುದ್ದೆ, ನಡುವೆ ಅನ್ನ ಎಂದು ಬೆಳೆದವಳು. ಅಕ್ಟೋಬರಿನಲ್ಲಿ ಹೋದವಳು ನವೆಂಬರಿನಲ್ಲಿ ಫೋನು ಮಾಡಿ, ‘ನಾನು ವಾಪಸ್ ಬರ್ತೀನಿ’ ಅಂದಳು. ಪಾಠ ಕಷ್ಟವಿರಲಿಲ್ಲ, ಗೆಳತಿಯರೂ ಇದ್ದರು. ಮೆಸ್ಸಿನಲ್ಲಿ ಎರಡು ಹೊತ್ತೂ ರೊಟ್ಟಿ. ಅನ್ನ ಕೊನೆಗೆ ಒಂದು ಸೌಟು. ಅವಳು ಆ ಒಂದು ಸೌಟು ಅನ್ನ, ಮೊಸರು, ಬಿಸ್ಕತ್ತುಗಳ ಮೇಲೆ ತಿಂಗಳು ತಳ್ಳಿದ್ದಳು. ತೂಕ ಇಳಿದಿತ್ತು. ಮಧ್ಯಾಹ್ನದ ಪ್ರಯೋಗಶಾಲೆಯಲ್ಲಿ ಒಮ್ಮೆ ತಲೆ ಸುತ್ತಿ ಕುಳಿತಿದ್ದಳಂತೆ. ನಮ್ಮ ಭಾವ ಕಾಲೇಜು ಬದಲಿಸಲು ಆಗಲೇ ಓಡಾಟ ಶುರುಮಾಡಿದ್ದರು. ಕಟ್ಟಿದ ಹಣ ಹೋದರೆ ಹೋಗಲಿ, ಒಂದು ವರ್ಷ ಹೋದರೂ ಹೋಗಲಿ ಎಂಬಲ್ಲಿಗೆ ಮಾತು ಬಂದಿತ್ತು. ‘ನೀನೊಂದು ಸಲ ಹೋಗಿ ನೋಡಿ ಬಾ’ ಎಂದು ಅಕ್ಕ ನನ್ನನ್ನು ಕಳಿಸಿದಳು. ಜೊತೆಗೆ ಎರಡು ಡಬ್ಬ ಚಕ್ಕುಲಿ, ಒಂದು ಡಬ್ಬ ಪುಳಿಯೋಗರೆ ಗೊಜ್ಜು.

ಧಾರವಾಡ ಮಲೆನಾಡು ಮುಗಿದು ಬಯಲು ಶುರುವಾಗುವ ಅಂಚಿನಲ್ಲಿದೆ. ಪಶ್ಚಿಮಕ್ಕೆ ಕಲಘಟಗಿ, ಅಳ್ನಾವರದ ಕಡೆ ಮಳೆ ಹೆಚ್ಚು, ಭತ್ತ ಬೆಳೆಯುತ್ತದೆ. ಪೂರ್ವಕ್ಕೆ ಅಣ್ಣಿಗೇರಿ, ನವಲಗುಂದದ ಎರೆಭೂಮಿ. ಅಲ್ಲಿ ಹಿಂಗಾರಿ ಜೋಳ. ಊರಿನ ತಟ್ಟೆಯಲ್ಲಿ ಗೆದ್ದಿರುವುದು ಪೂರ್ವವೇ. 1917ರಲ್ಲಿ ಕರ್ನಾಟಕ ಕಾಲೇಜು ಆರಂಭವಾದಂದಿನಿಂದ ಇದು ಓದುವ ಹುಡುಗರ ಊರು. ಆಮೇಲೆ ವಿಶ್ವವಿದ್ಯಾಲಯ ಬಂತು, 1986ರಲ್ಲಿ ಕೃಷಿ ವಿಶ್ವವಿದ್ಯಾಲಯ, 2016ರಲ್ಲಿ ಐಐಟಿ. ಹಳ್ಳಿಗಳಿಂದ ಬಂದು ಕೋಣೆ ಹಿಡಿದು ಓದುವ ಹುಡುಗರ ಹೊಟ್ಟೆಯನ್ನು ನೋಡಿಕೊಂಡದ್ದು ಇಲ್ಲಿನ ಖಾನಾವಳಿಗಳು. ಮನೆಯ ಮುಂಭಾಗದ ಒಂದು ಕೋಣೆ, ನಾಲ್ಕು ಮೇಜು, ಒಳಗೆ ರೊಟ್ಟಿ ಬಡಿಯುವ ಸದ್ದು, ಇಷ್ಟಿದ್ದರೆ ಖಾನಾವಳಿ. ಪೇಢೆ ಕೊಂಡು ಫೋಟೋ ತೆಗೆಸಿಕೊಂಡು ಹೋಗುವ ಪ್ರವಾಸಿಗಳು ಈ ಬಾಗಿಲುಗಳ ಒಳಗೆ ಇಣುಕುವುದು ಕಡಿಮೆ.

‘ಮಾಮ, ಅದು ರೊಟ್ಟಿ ಅಲ್ಲ, ರಟ್ಟು’ ಅಂದಳು ಹುಡುಗಿ. ಮೆಸ್ಸಿಗೆ ನಾನೂ ಹೋಗಿ ನೋಡಿದೆ. ಅವಳ ಮಾತಿನಲ್ಲಿ ಅರ್ಧ ನಿಜವಿತ್ತು. ನೂರಾರು ಮಕ್ಕಳಿಗೆ ಬೇಕಾದ ರೊಟ್ಟಿಯನ್ನು ಬೆಳಗಿನ ಜಾವವೇ ಮಾಡಿ ಒಟ್ಟಿರುತ್ತಾರೆ. ಮಧ್ಯಾಹ್ನಕ್ಕೆ ಅದು ತಣಿದು ಬಿರುಸಾಗಿರುತ್ತದೆ. ಇದು ಅಡುಗೆಯವರ ಸೋಮಾರಿತನವಲ್ಲ, ಜೋಳದ ಗುಣ. ಗೋಧಿ ಹಿಟ್ಟಿನಲ್ಲಿ ಗ್ಲುಟನ್ ಎಂಬ ಅಂಟು ಪದಾರ್ಥ ಇರುವುದರಿಂದ ಚಪಾತಿ ಎಳೆದರೆ ಹಿಗ್ಗುತ್ತದೆ, ಆರಿದರೂ ಮಡಚಬಹುದು. ಜೋಳದಲ್ಲಿ ಅದಿಲ್ಲ. ಅದಕ್ಕೇ ಹಿಟ್ಟಿಗೆ ಕುದಿಯುವ ನೀರು ಹಾಕಿ, ಬಿಸಿಯಿರುವಾಗಲೇ ನಾದಬೇಕು. ಲಟ್ಟಿಸಲು ಹೋದರೆ ಅಂಚು ಒಡೆಯುತ್ತದೆ, ಆದ್ದರಿಂದ ಅಂಗೈಯಿಂದ ಬಡಿಯಬೇಕು. ಹಂಚಿನ ಮೇಲೆ ಹಾಕಿ, ಮೇಲ್ಮೈಗೆ ಒದ್ದೆ ಬಟ್ಟೆಯಿಂದ ನೀರು ಸವರಿ, ಮಗುಚಿ, ಕೆಂಡದ ಎದುರು ಒರಗಿಸಿದರೆ ಪೂರಿಯ ಹಾಗೆ ಉಬ್ಬುತ್ತದೆ. ಉಬ್ಬಿದ ಆ ಐದು ನಿಮಿಷ ಜೋಳದ ರೊಟ್ಟಿಯಷ್ಟು ಮೆತ್ತನೆಯ ವಸ್ತು ಇನ್ನೊಂದಿಲ್ಲ. ಇಲ್ಲವೇ ಪೂರ್ತಿ ಒಣಗಿಸಿ ಹಪ್ಪಳದ ಹಾಗೆ ಮಾಡಿಬಿಡಬೇಕು. ಆ ಕಟಿ ರೊಟ್ಟಿ ವಾರಗಟ್ಟಲೆ ಕೆಡುವುದಿಲ್ಲ. ಈ ಎರಡರ ನಡುವಿನ ಸ್ಥಿತಿಯಲ್ಲಿರುವ ರೊಟ್ಟಿಯನ್ನೇ ನಮ್ಮ ಹುಡುಗಿ ಒಂದು ತಿಂಗಳು ನೋಡಿದ್ದು.

ಇನ್ನರ್ಧ ಕಾರಣ ಮರುದಿನ ಭಾನುವಾರ ಖಾನಾವಳಿಯಲ್ಲಿ ತಿಳಿಯಿತು. ಆ ಮನೆಯ ಯಜಮಾನತಿ ತಟ್ಟೆ ತಂದಿಟ್ಟರು. ಒಂದು ಬಿಸಿ ರೊಟ್ಟಿ, ಎಣ್ಣೆ ತೇಲುವ ಬದನೆಯ ಎಣಗಾಯಿ, ಮಡಕಿ ಕಾಳಿನ ಪಲ್ಯ, ಶೇಂಗಾ ಹಿಂಡಿ, ಅದರ ಪಕ್ಕದಲ್ಲಿ ಕಪ್ಪಗೆ ಗುರೆಳ್ಳಿನ ಹಿಂಡಿ, ಹಸಿ ಮೆಂತೆ ಸೊಪ್ಪು, ಸೀಳಿದ ಉಳ್ಳಾಗಡ್ಡಿ, ಒಂದು ಬಟ್ಟಲು ಮೊಸರು. ಹುಡುಗಿ ರೊಟ್ಟಿಯ ಅಂಚು ಮುರಿದು ಬಾಯಿಗಿಟ್ಟು, ಎರಡು ಸಲ ಹಲ್ಲಾಡಿಸಿ ಗುಟುಕರಿಸಿದಳು. ಕಣ್ಣಲ್ಲಿ ನೀರು ಬಂತು, ಲೋಟ ಎತ್ತಿದಳು. ಆಕೆ ನಿಂತು ನೋಡುತ್ತಿದ್ದರು.

‘ಯಾವೂರವಾ ನಿಂದು?’

‘ಮಂಡ್ಯ ಕಡೆ.’

‘ಹಂಗನ್ನು! ಮುದ್ದಿ ನುಂಗಿಧಂಗ ನುಂಗಾಕತ್ತೀಯಲ್ಲ ತಂಗಿ. ಇದು ಅಗಿಯೂದು. ಒಣಾ ರೊಟ್ಟಿ ಯಾರಿಗರ ಇಳೀತದೇನು? ರೊಟ್ಟಿಗಿಂತ ಪಲ್ಯಾ ಹೆಚ್ಚ ಹಚ್ಚಿಕೋಬೇಕು. ಹಿಂಡಿಗೆ ಮೊಸರ ಹಾಕ್ಕೋ, ಖಾರ ಹತ್ತಂಗಿಲ್ಲ.’

ಹದಿನೆಂಟು ವರ್ಷ ಅವಳ ಬಾಯಿ ಕಲಿತಿದ್ದ ಪಾಠ ನುಂಗುವುದು. ಮುದ್ದೆಯನ್ನು ಅಗಿದರೆ ಹಲ್ಲಿಗೆ ಅಂಟುತ್ತದೆ. ಸಾರಿನಲ್ಲಿ ಅದ್ದಿ ಜಾರಿಸಬೇಕು. ಅದೇ ಬಾಯಿ ಜೋಳದ ರೊಟ್ಟಿಯನ್ನೂ ಜಾರಿಸಲು ನೋಡುತ್ತಿತ್ತು. ರೊಟ್ಟಿಯ ಸವಿ ಇರುವುದು ಅಗಿಯುವುದರಲ್ಲಿ. ಬಾಯಲ್ಲಿ ಸ್ವಲ್ಪ ಹೊತ್ತು ಇದ್ದ ಮೇಲೆ ಪಿಷ್ಟ ಜೊಲ್ಲಿನೊಡನೆ ಬೆರೆತು ಒಂದು ಸಣ್ಣ ಸಿಹಿ ಹುಟ್ಟುತ್ತದೆ. ನಾವು ‘ನನಗೆ ಸೇರುವುದಿಲ್ಲ’ ಎಂದು ದೂರವಿಟ್ಟ ಪದಾರ್ಥಗಳ ಪಟ್ಟಿ ತೆಗೆದು ನೋಡಿದರೆ, ಅವುಗಳಲ್ಲಿ ಎಷ್ಟನ್ನು ತಿನ್ನುವ ಕ್ರಮವೇ ತಿಳಿಯದೆ, ತಣ್ಣಗಾದ ಮೇಲೆ, ಯಾವುದೋ ಕ್ಯಾಂಟೀನಿನಲ್ಲಿ ಒಬ್ಬರೇ ಕುಳಿತು ತಿಂದದ್ದು ಎಂಬುದನ್ನು ಎಣಿಸಬೇಕು. ಅಡುಗೆಯ ಪುಸ್ತಕಗಳು ಮಾಡುವ ವಿಧಾನ ಹೇಳುತ್ತವೆ, ತಿನ್ನುವ ವಿಧಾನ ಹೇಳುವುದಿಲ್ಲ. ಅದನ್ನು ಆ ಊರಿನವರೊಬ್ಬರು ಪಕ್ಕದಲ್ಲಿ ನಿಂತು ಹೇಳಿಕೊಡಬೇಕು.

ಅಂದು ಅವಳು ಅರ್ಧ ರೊಟ್ಟಿ ತಿಂದಳು. ‘ಉಳದದ್ದ ಬಿಡವಾ, ಯಾರೂ ಬೈಯಂಗಿಲ್ಲ. ಮುಂದಿನ ಐತವಾರ ಬಾ’ ಎಂದು ಆಕೆ ತಟ್ಟೆ ಎತ್ತಿದರು. ನಾನು ಇನ್ನರ್ಧ ತಿನ್ನು ಎಂದು ಹೇಳಲು ಬಾಯಿ ತೆರೆದಿದ್ದೆ, ಆ ಮಾತಿಗೆ ಜಾಗವಿರಲಿಲ್ಲ.

ಆ ಯಜಮಾನತಿ ಓದಿ ಮಾಡಿದ್ದೇನೂ ಅಲ್ಲ. ಆದರೆ ಅವರು ಮಾಡಿದ್ದನ್ನು ದೂರದೇಶದಲ್ಲಿ ಅಳೆದು ನೋಡಿದವರಿದ್ದಾರೆ. ಅಮೆರಿಕದ ಲೀಯನ್ ಬರ್ಚ್ ಎಂಬ ಸಂಶೋಧಕಿ ಎರಡು ವರ್ಷದ ಮಕ್ಕಳಿಗೆ ಪರಿಚಯವಿಲ್ಲದ ಚೀಸು, ಹಣ್ಣುಗಳನ್ನು ಕೊಟ್ಟು ನೋಡಿದರು. ಒಂದನ್ನು ಎರಡೇ ಸಲ, ಇನ್ನೊಂದನ್ನು ಹತ್ತು ಸಲ, ಮತ್ತೊಂದನ್ನು ಇಪ್ಪತ್ತು ಸಲ. ಹೆಚ್ಚು ಸಲ ರುಚಿ ನೋಡಿದ್ದನ್ನೇ ಮಕ್ಕಳು ಹೆಚ್ಚು ಇಷ್ಟಪಟ್ಟರು. ಇದು 1982ರಲ್ಲಿ ಪ್ರಕಟವಾದ ಮಾತು. ಬರೀ ನೋಡಿದರೆ ಸಾಲದು, ನಾಲಿಗೆಯ ಮೇಲೆ ಇಡಲೇಬೇಕು ಎಂಬುದನ್ನು 1987ರ ಇನ್ನೊಂದು ಅಧ್ಯಯನದಲ್ಲಿ ತೋರಿಸಿದರು. ಇವೆರಡರ ನಡುವೆ 1984ರಲ್ಲಿ ಮಾಡಿದ್ದು ತಂದೆತಾಯಿಯರು ಗಮನಿಸಬೇಕಾದ ಸಂಗತಿ. ‘ಇದನ್ನು ಕುಡಿದರೆ ಅದನ್ನು ಕೊಡುತ್ತೇವೆ’ ಎಂದು ಬಹುಮಾನದ ಆಸೆ ತೋರಿಸಿ ಮಕ್ಕಳಿಗೆ ಒಂದು ಪಾನೀಯ ಕುಡಿಸಿದರು. ಮಕ್ಕಳು ಕುಡಿದರು. ಆದರೆ ಆಮೇಲೆ ಆ ಪಾನೀಯದ ಮೇಲಿನ ಇಷ್ಟ ಮೊದಲಿಗಿಂತ ಕಡಿಮೆಯಾಯಿತು!

‘ಎರಡು ತುತ್ತು ಹಾಗಲಕಾಯಿ ತಿಂದರೆ ಜಾಮೂನು’ ಎಂದು ನಾವೆಲ್ಲ ಮಕ್ಕಳಿಗೆ ಹೇಳಿದವರೇ, ಕೇಳಿಸಿಕೊಂಡವರೇ. ಜಾಮೂನು ಲಂಚ ಎಂಬುದು ಮಗುವಿಗೆ ಗೊತ್ತಾಗುತ್ತದೆ. ಲಂಚ ಕೊಟ್ಟು ತಿನ್ನಿಸಬೇಕಾದ ವಸ್ತು ಒಳ್ಳೆಯದಿರಲಾರದು ಎಂದೂ ಅದು ಲೆಕ್ಕ ಹಾಕುತ್ತದೆ. ಮಕ್ಕಳ ಲೆಕ್ಕ ನಮ್ಮದಕ್ಕಿಂತ ನೇರ.

ಖಾರದ ಕಥೆ ಇನ್ನೂ ವಿಚಿತ್ರ. ಹುಬ್ಬಳ್ಳಿಗೆ ಬರುವ ದಾರಿಯಲ್ಲೇ ಬ್ಯಾಡಗಿ ಸ್ಟೇಷನ್ ಸಿಗುತ್ತದೆ. ಸುಕ್ಕುಗಟ್ಟಿದ ಅಲ್ಲಿನ ಮೆಣಸಿನಕಾಯಿಗೆ ಬಣ್ಣ ಹೆಚ್ಚು, ಉರಿ ಕಡಿಮೆ. ಉರಿ ಎಂದೇ ಹೇಳಬೇಕು, ಏಕೆಂದರೆ ಸಿಹಿ, ಹುಳಿ, ಉಪ್ಪು, ಕಹಿಗಳ ಹಾಗೆ ಖಾರ ಒಂದು ರುಚಿಯಲ್ಲ. ಚರ್ಮಕ್ಕೆ ಬೆಂಕಿ ತಾಗಿದಾಗ ಎಚ್ಚರಿಸುವ ನರದ ಬಾಗಿಲೇ ಮೆಣಸಿನಕಾಯಿಗೂ ತೆರೆದುಕೊಳ್ಳುತ್ತದೆ. ಆ ಬಾಗಿಲನ್ನು 1997ರಲ್ಲಿ ಗುರುತಿಸಿದ ಡೇವಿಡ್ ಜೂಲಿಯಸ್ ಅವರಿಗೆ 2021ರಲ್ಲಿ ನೊಬೆಲ್ ಬಂತು. ಅಂದರೆ ಮೆಣಸಿನಕಾಯಿಯನ್ನು ಬೇಡವೆನ್ನುವ ನಾಲಿಗೆ ತನ್ನ ಕೆಲಸವನ್ನು ಸರಿಯಾಗಿಯೇ ಮಾಡುತ್ತಿದೆ. ಹಾಗಿದ್ದೂ ಲೋಕವೆಲ್ಲ ಅದನ್ನು ಬಯಸುವುದು ಹೇಗೆ? ಪಾಲ್ ರೋಜಿನ್ ಎಂಬ ಮನಶ್ಶಾಸ್ತ್ರಜ್ಞರು ಮೆಕ್ಸಿಕೊ ದೇಶದ ಗುಡ್ಡಗಾಡಿನ ಹಳ್ಳಿಯೊಂದರಲ್ಲಿ ಇದನ್ನು ನೋಡಿ 1980ರಲ್ಲಿ ಬರೆದರು. ಅಲ್ಲಿ ಪುಟ್ಟ ಮಕ್ಕಳಿಗೆ ಯಾರೂ ಖಾರ ಒತ್ತಾಯಿಸುವುದಿಲ್ಲ, ತಿಂದರೆ ಶಹಭಾಸ್ ಎನ್ನುವುದೂ ಇಲ್ಲ. ದೊಡ್ಡವರು ತಿನ್ನುವುದನ್ನು ದಿನವೂ ಕಾಣುತ್ತಾ, ಮೊದಲು ಚೂರು, ಆಮೇಲೆ ಇನ್ನಷ್ಟು ಎಂದು ತಾವಾಗಿಯೇ ಹಚ್ಚಿಕೊಳ್ಳಲು ಕಲಿಯುತ್ತಾರೆ. ಅದೇ ಹಳ್ಳಿಯ ಹಂದಿ, ನಾಯಿಗಳೂ ಖಾರ ಬೆರೆತ ಎಂಜಲನ್ನೇ ದಿನವೂ ತಿಂದು ಬೆಳೆದವು. ಆದರೂ ಖಾರವಿದ್ದದ್ದು, ಇಲ್ಲದ್ದು ಎರಡನ್ನೂ ಮುಂದಿಟ್ಟಾಗ ಅವು ಇಲ್ಲದ್ದನ್ನೇ ಆರಿಸಿಕೊಂಡವು. ಬರೀ ಅಭ್ಯಾಸವೇ ಸಾಕಾಗಿದ್ದರೆ ಅವೂ ಕಲಿಯಬೇಕಿತ್ತು. ತಮ್ಮವರು ಸಂತೋಷದಿಂದ ತಿನ್ನುವುದನ್ನು ನೋಡಿ ತಾವೂ ಬಯಸುವುದು ಮನುಷ್ಯರ ಮಕ್ಕಳಿಗೆ ಒಲಿದ ವಿದ್ಯೆ.

ಮೆಸ್ಸಿನಲ್ಲಿ ಹುಡುಗಿಗೆ ಸಿಗದಿದ್ದದ್ದು ಇದೇ ಎಂದು ನನಗನ್ನಿಸುತ್ತದೆ. ಅಲ್ಲಿ ಅವಳು ದಕ್ಷಿಣದ ಕಡೆಯ ನಾಲ್ವರ ಜೊತೆ ಒಂದೇ ಮೇಜಿಗೆ ಕೂರುತ್ತಿದ್ದಳು. ಐವರೂ ರೊಟ್ಟಿಯನ್ನು ಬೈಯುತ್ತಾ ಉಣ್ಣುತ್ತಿದ್ದರು. ಅದೂ ಒಂದು ಶಿಕ್ಷಣವೇ ತಾನೆ, ಪ್ರತಿದಿನ ಎರಡು ಪಾಠ!

ಅಂದಹಾಗೆ, ರೊಟ್ಟಿ ನಮ್ಮದು, ಮುದ್ದೆ ನಿಮ್ಮದು ಎಂದು ಜಗಳವಾಡುವವರಿಗೆ ಒಂದು ಮಾತು. ಜೋಳದ ತವರು ಆಫ್ರಿಕಾ, ರಾಗಿಯ ತವರೂ ಆಫ್ರಿಕಾ. ಎರಡೂ ಸಾವಿರಾರು ವರ್ಷಗಳ ಹಿಂದೆ ಈ ನೆಲಕ್ಕೆ ಬಂದವು. ಖಾನಾವಳಿಯ ತಟ್ಟೆಯ ಶೇಂಗಾ, ಮೆಣಸಿನಕಾಯಿಗಳು ಅಮೆರಿಕ ಖಂಡದವು. ಪೋರ್ಚುಗೀಸರು ಈ ಕಡೆಗೆ ಬರಲಾರಂಭಿಸಿದ ಮೇಲೆ ನಮಗೆ ಪರಿಚಯವಾದವು. ಧಾರವಾಡದ ಯಾವುದೋ ಮನೆಯಲ್ಲಿ ಮೊದಲ ಸಲ ಮೆಣಸಿನಕಾಯಿ ಕಚ್ಚಿದ ಮುತ್ತಜ್ಜನಿಗೂ ಕಣ್ಣಲ್ಲಿ ನೀರು ಬಂದಿರಲೇಬೇಕು.

ನಾನು ಊರಿಗೆ ಮರಳುವ ಮುಂಚೆ ಹುಡುಗಿಯೊಡನೆ ಒಂದು ಒಪ್ಪಂದವಾಯಿತು. ಸಂಕ್ರಾಂತಿಯವರೆಗೆ ಪ್ರತಿ ಭಾನುವಾರ ಖಾನಾವಳಿ. ನವಲಗುಂದದ ಕಡೆಯ ಅವಳ ಸಹಪಾಠಿಯೊಬ್ಬಳು ಜೊತೆಗೆ. ಎಷ್ಟು ತಿನ್ನಬೇಕೆಂದು ಯಾರೂ ಹೇಳಕೂಡದು. ಆಮೇಲೂ ಬೇಡವೆನ್ನಿಸಿದರೆ ಕಾಲೇಜು ಬದಲಿಸುವುದಕ್ಕೆ ನಾನೇ ಭಾವನ ಜೊತೆ ಓಡಾಡುತ್ತೇನೆ. ಭಾವನಿಗೆ ಇದು ರುಚಿಸಲಿಲ್ಲ. ‘ಒಂದು ವರ್ಷದ ಪ್ರಶ್ನೆ, ನೀನು ಊಟದ ಶಾಸ್ತ್ರ ಹೇಳ್ತೀಯ’ ಅಂದರು.

ಮುಂದಿನದು ಫೋನಿನಲ್ಲಿ ಕಂತುಕಂತಾಗಿ ತಿಳಿದದ್ದು. ಮೂರನೆಯ ಭಾನುವಾರ ಒಂದು ಪೂರ್ತಿ ರೊಟ್ಟಿ. ಶೇಂಗಾ ಹಿಂಡಿ ಮೊಸರು ಮೊದಲ ದಿನವೇ ಒಲಿದಿತ್ತು. ಪುಂಡಿ ಪಲ್ಯ ಮಾತ್ರ ನಾಲ್ಕು ವಾರ ತಟ್ಟೆಯ ಅಂಚಿನಲ್ಲೇ ಉಳಿಯಿತು. ಪುಂಡಿ ಸೊಪ್ಪಿನ ಹುಳಿ ಹುಣಸೆಯ ಹುಳಿಯಂತಲ್ಲ, ಹಲ್ಲು ಚುಳ್ಳೆನ್ನಿಸುತ್ತದೆ. ಜೋಳದ ನುಚ್ಚು, ಬೆಳ್ಳುಳ್ಳಿ ಹಾಕಿ ಬೇಯಿಸಿದ ಅದು ನೋಡಲಿಕ್ಕೂ ಚೆಲುವಲ್ಲ. ಐದನೆಯ ವಾರ ಗೆಳತಿ ಅದರ ಮೇಲೆ ಬಿಸಿ ಎಣ್ಣೆ, ಬೆಳ್ಳುಳ್ಳಿ ಒಗ್ಗರಣೆ ಹಾಕಿಸಿ ಕೊಟ್ಟಳಂತೆ. ‘ನಮ್ಮ ಬಸ್ಸಾರು ನೆನಪಾಯ್ತು ಮಾಮ’ ಅಂದಳು. ಹೊಸ ರುಚಿ ಒಳಗೆ ಬರುವಾಗ ಹಳೆಯದೊಂದರ ಕೈ ಹಿಡಿದೇ ಬರುತ್ತದೇನೋ. ಅಗಸಿ ಹಿಂಡಿ, ಹಸಿ ಉಳ್ಳಾಗಡ್ಡಿ ಅವಳಿಗೆ ಇಂದಿಗೂ ಆಗುವುದಿಲ್ಲ. ಆಗಬೇಕೆಂದೂ ಇಲ್ಲ. ನಾಲಿಗೆಗಳೆಲ್ಲ ಒಂದೇ ಅಚ್ಚಿನವಲ್ಲ. ಕೆಲವು ಕಹಿಗಳು ಕೆಲವರಿಗೆ ಹುಟ್ಟಿನಿಂದಲೇ ಹೆಚ್ಚು ಕಹಿ. ಇನ್ನು, ತಿಂದ ಕೂಡಲೇ ತುಟಿ ಊದುವುದು, ಮೈ ತುರಿಸುವುದು, ಉಸಿರು ಕಟ್ಟುವುದು ಆದರೆ ಅದು ಇಷ್ಟಾನಿಷ್ಟದ ಮಾತೇ ಅಲ್ಲ. ಶೇಂಗಾ ಕೂಡ ಕೆಲವರಿಗೆ ಹಾಗೆ ಮಾಡುತ್ತದೆ. ಅಲ್ಲಿ ಅಭ್ಯಾಸದ ಪಾಠ ನಡೆಯದು, ವೈದ್ಯರ ಬಳಿಗೇ ಹೋಗಬೇಕು.

2025ರ ಜನವರಿಯಲ್ಲಿ ಗೆಳತಿ ಅವಳನ್ನು ತನ್ನ ಊರಿಗೆ ಕರೆದೊಯ್ದಳು. ಎರೆಹೊಲದ ಜೋಳ ಮಳೆ ನಿಂತ ಮೇಲೆ ಮಣ್ಣಿನಲ್ಲಿ ಉಳಿದ ತೇವವನ್ನೇ ಕುಡಿದು ಬೆಳೆಯುತ್ತದೆ. ಆ ಹೊತ್ತಿಗೆ ತೆನೆ ಹಾಲುಗಾಳು ಕಟ್ಟಿ ಗಟ್ಟಿಯಾಗುತ್ತಿರುತ್ತದೆ. ಹಸಿ ತೆನೆಯನ್ನು ಕುಳ್ಳಿನ ಕೆಂಡದಲ್ಲಿ ಸುಟ್ಟು, ಬಡಿದು ಕಾಳು ಉದುರಿಸಿದರೆ ಸೀತನಿ. ಬಿಸಿಯಾಗಿ, ಹೊಗೆಯ ಘಮದೊಡನೆ, ಹಿಂಡಿ ಬೆಲ್ಲ ಹಚ್ಚಿ ಹೊಲದ ಬದುವಿನ ಮೇಲೆ ಕೂತು ತಿನ್ನುವುದು. ಅದನ್ನು ಅವಳಿಗೆ ಯಾರೂ ಕಲಿಸಬೇಕಾಗಲಿಲ್ಲ, ಎರಡು ಮುಷ್ಟಿ ಕೇಳಿ ಹಾಕಿಸಿಕೊಂಡಳು. ಸಂಕ್ರಾಂತಿ ಕಳೆದರೂ ಕಾಲೇಜು ಬದಲಿಸುವ ಮಾತು ಅವಳಿಂದ ಬರಲಿಲ್ಲ. ನಾವೂ ಕೇಳಲಿಲ್ಲ. ಮೆಸ್ಸಿನ ತಣ್ಣನೆಯ ರೊಟ್ಟಿಯನ್ನು ಈಗಲೂ ಬೈಯುತ್ತಾಳೆ, ಆದರೆ ಬೈಯುವ ರೀತಿ ಧಾರವಾಡದವರದು: ‘ಇದೇನ್ ರೊಟ್ಟೀರಿ, ಹಿಟ್ಟ ಸುಮಾರದ.’

ಸೆಮಿಸ್ಟರ್ ರಜೆಗೆ ಬರುವಾಗ ಗೆಳತಿಯನ್ನೂ ಮಂಡ್ಯಕ್ಕೆ ಕರೆತಂದಳು. ಆ ಹುಡುಗಿಯ ಚೀಲದಲ್ಲಿ ಬಟ್ಟೆಗಿಂತ ಮೇಲೆ, ಕಾಗದದಲ್ಲಿ ಸುತ್ತಿದ ಹದಿನೈದು ಕಟಿ ರೊಟ್ಟಿ, ಒಂದು ಡಬ್ಬಿ ಹಿಂಡಿ. ತಾಯಿ ಇಟ್ಟು ಕಳಿಸಿದ್ದು. ನಾನು ಒಯ್ದಿದ್ದ ಚಕ್ಕುಲಿ ಡಬ್ಬಗಳು ನೆನಪಾಗಿ ನಗು ಬಂತು. ರಾತ್ರಿ ಮುದ್ದೆ, ಅವರೆಕಾಳಿನ ಸಾರು. ಅವಳು ಒಂದು ಚೂರು ಮುರಿದು ಬಾಯಿಗಿಟ್ಟು ಶ್ರದ್ಧೆಯಿಂದ ಅಗಿಯತೊಡಗಿದಳು. ಅಗಿದಷ್ಟೂ ಅದು ಬಾಯಲ್ಲಿ ಬೆಳೆಯುತ್ತಿತ್ತು. ಭಾವನ ತಾಯಿ, ಎಂಬತ್ತು ದಾಟಿದವರು, ಬೊಚ್ಚುಬಾಯಿ ಅಗಲಿಸಿ ನಕ್ಕು, ‘ಅಗೀಬ್ಯಾಡ ಕಣವ್ವ, ಸಾರ್ನಲ್ಲಿ ಅದ್ದಿ ನುಂಗು’ ಅಂದರು. ಆಕೆ ನಿಂಬೆಹಣ್ಣಿನ ಗಾತ್ರದಷ್ಟು ಮುಗಿಸಿ ಅನ್ನ ಕೇಳಿದಳು. ಯಾರೂ ಏನೂ ಅನ್ನಲಿಲ್ಲ. ಭಾವ ಏನೋ ಹೇಳಹೊರಟವರು ನನ್ನ ಮುಖ ನೋಡಿ ಸುಮ್ಮನಾದರು.

ಅಜ್ಜಿಯ ಗಮನವೆಲ್ಲ ಕಟಿ ರೊಟ್ಟಿಯ ಮೇಲಿತ್ತು. ಎರಡು ದಿನ ತಿರುಗಿಸಿ ಮುರುಗಿಸಿ ನೋಡಿದರು. ಹಲ್ಲಿಲ್ಲದ ಬಾಯಿಗೆ ಅದು ಸಾಧ್ಯವೇ ಇಲ್ಲವೆಂದು ನಾವು ಅಂದುಕೊಂಡಿದ್ದೆವು. ಮೂರನೆಯ ದಿನ ಮಧ್ಯಾಹ್ನ ಒಂದು ರೊಟ್ಟಿಯನ್ನು ಪುಡಿ ಮಾಡಿ, ಬಿಸಿ ಬಸ್ಸಾರಿನಲ್ಲಿ ಹತ್ತು ನಿಮಿಷ ನೆನೆಸಿ, ಮೇಲೆ ಒಂದು ಚಮಚ ತುಪ್ಪ ಹಾಕಿಕೊಂಡು ತಟ್ಟೆ ಖಾಲಿ ಮಾಡಿದರು. ನವಲಗುಂದದಲ್ಲೂ ಹಲ್ಲು ಹೋದ ಮುದುಕಿಯರು ಕಟಿ ರೊಟ್ಟಿಯನ್ನು ಹೀಗೇ ಮುರಿದು ಕಲಸಿಕೊಳ್ಳುತ್ತಾರಂತೆ, ಬಸ್ಸಾರೊಂದು ಬೇರೆ. ಹುಡುಗಿ ಹೊರಡುವ ದಿನ ಅಜ್ಜಿ, ಉಳಿದ ರೊಟ್ಟಿಗಳನ್ನು ಇಲ್ಲೇ ಬಿಟ್ಟು ಹೋಗುವಂತೆ ಹೇಳಿ, ಅವಳ ಚೀಲಕ್ಕೆ ಎರಡು ಸೇರು ರಾಗಿ ಹಿಟ್ಟು ತುಂಬಿಸಿದರು.